ಬೆಲ್ಟಿನ ವೆಚ್ಚ ಮತ್ತು ಅಲಕ್ಷ್ಯದ ವೆಚ್ಚ

ಲೆಕ್ಕಪರಿಶೋಧನೆಯನ್ನೇ ವೃತ್ತಿಯಾಗಿಸಿಕೊಂಡಿರುವ ನಾನು ಈ ಪುಟಗಳಲ್ಲಿ ವಾಹನದ ಎಂಜಿನ್ನಿನ ಬಗ್ಗೆ ಬರೆಯಹೊರಟಿರುವುದು ಕೆಲವು ಸದಸ್ಯರಿಗೆ ವಿಚಿತ್ರವಾಗಿ ತೋರಬಹುದು. ಆದರೆ 1984ರಲ್ಲಿ ಮಾರುತಿ ವ್ಯಾನ್ ರಸ್ತೆಗಿಳಿದಂದಿನಿಂದ ನಮ್ಮ ಊರುಗಳ ಸಣ್ಣ ವ್ಯಾಪಾರವು ಬಹುಮಟ್ಟಿಗೆ ಇಂತಹ ವ್ಯಾನುಗಳ ಮೇಲೆಯೇ ಸಾಗಿ ಬಂದಿದೆ. ಬೆಳಿಗ್ಗೆ ಸರಕು, ಸಂಜೆ ಸಂಸಾರ ಎಂಬಂತೆ ದುಡಿದ ಓಮ್ನಿಯ ತಯಾರಿಕೆ 2019ರಲ್ಲಿ ನಿಂತಿತಾದರೂ, 2010ರಲ್ಲಿ ಬಂದ ಈಕೋ ಮೊದಲಾದ ವಾಹನಗಳು ಆ ಕೆಲಸವನ್ನು ಮುಂದುವರಿಸಿವೆ. ಆದ್ದರಿಂದ ವ್ಯಾನಿನ ಆರೋಗ್ಯವು ವ್ಯಾಪಾರದ ಆರೋಗ್ಯದ ಒಂದು ಭಾಗವೇ ಆಗಿದೆ.

ಸ್ವಾನುಭವದ ಪಾಠ

ಕೆಲವು ವರ್ಷಗಳ ಹಿಂದೆ, ಸೆಪ್ಟೆಂಬರ್ ತಿಂಗಳ ಕೊನೆಯ ವಾರದಲ್ಲಿ, ಕಕ್ಷಿದಾರರೊಬ್ಬರ ಲೆಕ್ಕದ ಪುಸ್ತಕಗಳನ್ನು ತುಂಬಿಕೊಂಡು ದಾವಣಗೆರೆಯಿಂದ ಚಿತ್ರದುರ್ಗಕ್ಕೆ ನನ್ನ ವ್ಯಾನಿನಲ್ಲಿ ಹೊರಟಿದ್ದೆ. ಭರಮಸಾಗರ ದಾಟುತ್ತಿದ್ದಂತೆ ಬ್ಯಾಟರಿಯ ಕೆಂಪು ದೀಪ ಹೊತ್ತಿಕೊಂಡಿತು, ಸ್ಟೀರಿಂಗ್ ಭಾರವಾಯಿತು. ಬ್ಯಾಟರಿಯ ದೋಷವಿರಬೇಕೆಂದು ಭಾವಿಸಿ ಇನ್ನೂ ಕೆಲವು ಕಿಲೋಮೀಟರ್ ಓಡಿಸಿದೆ. ತುಂಡಾಗಿದ್ದುದು ಎಂಜಿನ್ನಿನ ಡ್ರೈವ್ ಬೆಲ್ಟ್. ನೀರಿನ ಪಂಪ್ ನಿಂತು, ಎಂಜಿನ್ ಕಾದು, ಹೆಡ್ ಗ್ಯಾಸ್ಕೆಟ್ ಹೋಯಿತು. ಬಿಲ್ಲು 23,000 ರೂಪಾಯಿ. ಬೆಲ್ಟಿನ ಬೆಲೆ ಸಾವಿರ ರೂಪಾಯಿಗೂ ಕಡಿಮೆ! ಎಂಟು ದಿನ ವ್ಯಾನು ನಿಂತಿತು. ಕಕ್ಷಿದಾರರ ಪುಸ್ತಕಗಳನ್ನು ಬಸ್ಸಿನಲ್ಲಿ ಹೊತ್ತು ತಂದು, ಗಡುವಿನ ಹಿಂದಿನ ರಾತ್ರಿ ವರದಿಗೆ ಸಹಿ ಹಾಕಿದೆ.

ಇದರಲ್ಲಿ ಅನ್ಯರ ತಪ್ಪೇನೂ ಇರಲಿಲ್ಲ. ಬೆಳಗಿನ ಹೊತ್ತು ಎಂಜಿನ್ ಚಾಲೂ ಮಾಡಿದಾಗ ಕೀರಲು ಸದ್ದು ಬರುತ್ತಿದೆಯೆಂದು ಮೆಕ್ಯಾನಿಕ್ ಎರಡು ತಿಂಗಳ ಮೊದಲೇ ಎಚ್ಚರಿಸಿದ್ದರು. "ಸೆಪ್ಟೆಂಬರ್ ಮುಗಿಯಲಿ" ಎಂದವನು ನಾನೇ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದಂತಾಯಿತು.

ಕೆಲಸದ ಸ್ವರೂಪ

ಎಂಜಿನ್ನಿನ ಮುಖ್ಯ ದಂಡದ ರಾಟೆಯಿಂದ ಹೊರಡುವ ಈ ಪಟ್ಟಿಯು ಆಲ್ಟರ್ನೇಟರ್, ಎ.ಸಿ. ಕಂಪ್ರೆಸರ್ ಮತ್ತು ಬಹಳಷ್ಟು ವಾಹನಗಳಲ್ಲಿ ನೀರಿನ ಪಂಪ್ ಹಾಗೂ ಪವರ್ ಸ್ಟೀರಿಂಗ್ ಪಂಪನ್ನು ತಿರುಗಿಸುತ್ತದೆ. ಬೆಲ್ಟನ್ನು ಬಿಗಿಯಾಗಿ ಹಿಡಿಯಲು ಟೆನ್ಷನರ್, ದಾರಿ ತಿರುಗಿಸಲು ಐಡ್ಲರ್ ರಾಟೆ ಇರುತ್ತವೆ. ಈ ರಾಟೆಗಳ ಒಳಗಿನ ಬೇರಿಂಗುಗಳೂ ಬೆಲ್ಟಿನಷ್ಟೇ ದೂರ ಓಡಿರುತ್ತವೆ ಎಂಬುದನ್ನು ನಾವು ಮರೆಯುತ್ತೇವೆ. ಸವೆದ ರಾಟೆಯ ಮೇಲೆ ಹೊಸ ಬೆಲ್ಟ್ ಹಾಕುವುದು, ಹಳೆಯ ಸಾಲವನ್ನು ಹೊಸ ಸಾಲದಿಂದ ಮುಚ್ಚಿದಂತೆ. ಬೇರಿಂಗ್ ಬಿಗಿದರೆ ಹೊಸ ಬೆಲ್ಟೂ ಹೋಗುತ್ತದೆ.

ಮುಂದಿನ ಸಲ ಸರದಿ ಬಂದಾಗ, ಒಂದು ಭಾನುವಾರ ಮನೆಯ ಅಂಗಳದಲ್ಲೇ ನಾನೂ ನನ್ನ ಸೋದರಳಿಯನೂ ಬೆಲ್ಟ್, ಟೆನ್ಷನರ್, ಐಡ್ಲರ್ ಮೂರನ್ನೂ ಬದಲಿಸಿದೆವು. ಬಿಡಿಭಾಗಗಳಿಗೆ ತಗುಲಿದ್ದು ಸುಮಾರು 3,500 ರೂಪಾಯಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬ್ಯಾಟರಿಯ ಋಣ ತುದಿಯನ್ನು ಕಳಚಿ, ಹಳೆಯ ಬೆಲ್ಟ್ ಸಾಗುವ ದಾರಿಯನ್ನು ಕಾಗದದಲ್ಲಿ ಬರೆದುಕೊಂಡೆವು. ಸ್ಪ್ಯಾನರಿನಿಂದ ಟೆನ್ಷನರನ್ನು ಹಿಂದಕ್ಕೆ ತಿರುಗಿಸಿದರೆ ಬೆಲ್ಟ್ ಸಡಿಲಗೊಂಡು ಕೈಗೆ ಬರುತ್ತದೆ. ಆಗ ಉಳಿದ ರಾಟೆಗಳನ್ನೂ ಕೈಯಲ್ಲಿ ತಿರುಗಿಸಿ ನೋಡಬೇಕು. ಗರಗರ ಸದ್ದಾಗಲಿ, ಅಲುಗಾಟವಾಗಲಿ ಇರಬಾರದು. ಹೊಸ ಬೆಲ್ಟ್ ಕೂರಿಸಿದಾಗ ಒಂದು ರಾಟೆಯಲ್ಲಿ ಅದು ಒಂದು ಗೀರಿನಷ್ಟು ಪಕ್ಕಕ್ಕೆ ಸರಿದಿತ್ತು. ಚಾಲೂ ಮಾಡುವ ಮೊದಲು ಟಾರ್ಚ್ ಹಾಕಿ ಒಂದೊಂದೇ ರಾಟೆ ಪರಿಶೀಲಿಸಿದ್ದರಿಂದ ಅದು ಕಣ್ಣಿಗೆ ಬಿತ್ತು. ತಾಳೆಪಟ್ಟಿಯನ್ನು ಎರಡು ಬಾರಿ ನೋಡುವ ವೃತ್ತಿಯ ಅಭ್ಯಾಸ ಅಲ್ಲಿಯೂ ಉಪಯೋಗಕ್ಕೆ ಬಂದಿತು.

ಇನ್ನೊಂದು ಎಚ್ಚರಿಕೆ. ಹಳೆಯ ಕಾಲದ ಬೆಲ್ಟುಗಳು ಸವೆದಾಗ ಬಿರುಕು ಬಿಟ್ಟು ಸೂಚನೆ ಕೊಡುತ್ತಿದ್ದವು. ಈಗಿನ ಇಪಿಡಿಎಂ ರಬ್ಬರಿನ ಬೆಲ್ಟುಗಳು ಬಿರುಕಿಲ್ಲದೆಯೇ ಗೀರುಗಳಲ್ಲಿ ಸವೆಯುತ್ತವೆ. ನೋಡಲು ಚೆನ್ನಾಗಿದೆಯೆಂಬ ಕಾರಣಕ್ಕೆ ಅವಧಿ ಮೀರಿಸುವುದು ಸರಿಯಲ್ಲ. ಹಾಗೆಯೇ ಟೈಮಿಂಗ್ ಬೆಲ್ಟ್ ಎಂಬುದು ಬೇರೆಯೇ ವಸ್ತು. ಅದರಲ್ಲಿ ಒಂದು ಹಲ್ಲು ತಪ್ಪಿದರೂ ಎಂಜಿನ್ನಿಗೇ ಅಪಾಯ. ಅದನ್ನು ಮತ್ತು ವಾರಂಟಿಯಲ್ಲಿರುವ ವಾಹನವನ್ನು ಮನೆಯಲ್ಲಿ ಮುಟ್ಟಬಾರದೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಲೆಕ್ಕದ ದೃಷ್ಟಿ

ಪ್ರತಿ ವರ್ಷ ವಾಹನದ ಮೇಲೆ ಶೇ. 15ರಂತೆ ಸವಕಳಿ ಬರೆಯುತ್ತೇವೆ. ಆದರೆ ಸವಕಳಿ ಎಂಬುದು ಪುಸ್ತಕದ ನಮೂದು ಮಾತ್ರ; ಅದರಿಂದ ಪೆಟ್ಟಿಗೆಯಲ್ಲಿ ಒಂದು ರೂಪಾಯಿಯೂ ಕೂಡುವುದಿಲ್ಲ. ಬಹುಪಾಲು ವರ್ತಕರು ತೆರಿಗೆಗಾಗಿ ಸವಕಳಿಯನ್ನು ಲೆಕ್ಕ ಹಾಕುತ್ತಾರೆಯೇ ಹೊರತು ದುರಸ್ತಿಗಾಗಿ ಹಣ ತೆಗೆದಿಡುವುದಿಲ್ಲ. ತಿಂಗಳಿಗೆ ಐನೂರು ರೂಪಾಯಿಯನ್ನಾದರೂ ಬೇರೆಯಾಗಿ ಇಟ್ಟಿದ್ದರೆ, ನಾನು ಬಹುಶಃ "ಸೆಪ್ಟೆಂಬರ್ ಮುಗಿಯಲಿ" ಎನ್ನುತ್ತಿರಲಿಲ್ಲ.

ಬೆಲ್ಟ್, ರಾಟೆಗಳ ಬದಲಾವಣೆ ಇರುವ ಆಸ್ತಿಯನ್ನು ಕಾಪಾಡುವ ವೆಚ್ಚ. ಆದ್ದರಿಂದ ಅದು ರಾಜಸ್ವ ವೆಚ್ಚ. 2007ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ, ಇಡೀ ಯಂತ್ರವನ್ನೇ ಬದಲಿಸುವುದು ಚಾಲ್ತಿ ದುರಸ್ತಿಯಾಗದು ಎಂದು ಈ ಗೆರೆಯನ್ನು ಸ್ಪಷ್ಟಪಡಿಸಿತು. ಸ್ವಂತ ಶ್ರಮಕ್ಕೆ ಏಕಮಾಲೀಕತ್ವದ ಪುಸ್ತಕದಲ್ಲಿ ನಮೂದಿಲ್ಲ. ಆದರೆ ಬಿಡಿಭಾಗಗಳ ರಸೀದಿ ಬೇಕೇ ಬೇಕು. ಚಾಲಕನೂ ಸೇರಿ 13ಕ್ಕಿಂತ ಹೆಚ್ಚು ಆಸನವಿಲ್ಲದ ಪ್ರಯಾಣಿಕ ವಾಹನಗಳ ದುರಸ್ತಿ ಸೇವೆಯ ಮೇಲೆ ಜಿ.ಎಸ್.ಟಿ. ಹುಟ್ಟುವಳಿ ಜಮೆ ಸಾಮಾನ್ಯವಾಗಿ ದೊರೆಯದು. ಸರಕು ಸಾಗಣೆ ವಾಹನಕ್ಕೆ ದೊರೆಯುತ್ತದೆ. ನಿಮ್ಮ ವ್ಯಾನ್ ಯಾವ ವರ್ಗದಲ್ಲಿ ನೋಂದಣಿಯಾಗಿದೆ ಎಂಬುದನ್ನು ಒಮ್ಮೆ ನೋಡಿಕೊಳ್ಳಿ.

ಸಂಸ್ಥೆಗೊಂದು ಮನವಿ

ಪ್ರತಿಯೊಬ್ಬ ವರ್ತಕನೂ ಸ್ಪ್ಯಾನರ್ ಹಿಡಿಯಬೇಕೆಂದು ನಾನು ಹೇಳುತ್ತಿಲ್ಲ. ನೆರೆಯ ಮೆಕ್ಯಾನಿಕ್ಕಿನ ಜೀವನೋಪಾಯವೂ ಮುಖ್ಯ. ಆದರೆ ತನ್ನ ಆಸ್ತಿ ಯಾವುದರಿಂದ ಓಡುತ್ತದೆ, ಯಾವಾಗ ಏನನ್ನು ಬೇಡುತ್ತದೆ ಎಂಬುದನ್ನು ತಿಳಿದ ಮಾಲೀಕನು ಮೋಸಹೋಗುವುದೂ ಕಡಿಮೆ, ಅಲಕ್ಷಿಸುವುದೂ ಕಡಿಮೆ. ಅದಕ್ಕೆ ಬಿಡಿಭಾಗಗಳೂ ಮಾಹಿತಿಯೂ ಎಲ್ಲರಿಗೂ ದೊರೆಯಬೇಕು. ಇವುಗಳನ್ನು ಸ್ವತಂತ್ರ ಗ್ಯಾರೇಜುಗಳಿಗೆ ನಿರ್ಬಂಧಿಸಿದ ಕಾರಣಕ್ಕೆ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ತಯಾರಕರಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮಿಕ್ಕಿದ ದಂಡ ವಿಧಿಸಿತ್ತು. ಆ ಆದೇಶ ನಂತರ ಮೇಲ್ಮನವಿಗಳಿಗೆ ಒಳಪಟ್ಟಿತು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು ದುರಸ್ತಿ ಹಕ್ಕಿನ ಚೌಕಟ್ಟಿಗೆ ಸಮಿತಿ ರಚಿಸಿದಾಗ ಮೋಟಾರು ವಾಹನಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು.

ನಮ್ಮ ಸಂಸ್ಥೆಯು ಈ ಹಕ್ಕಿನ ಪರವಾಗಿ ದನಿಗೂಡಿಸಲಿ. ಜೊತೆಗೆ, ತೆರಿಗೆ ಕಾರ್ಯಾಗಾರಗಳ ನಡುವೆ ವರ್ಷಕ್ಕೊಮ್ಮೆ, ಸ್ಥಳೀಯ ಮೆಕ್ಯಾನಿಕ್ಕುಗಳ ನೆರವಿನಿಂದ ಸದಸ್ಯರಿಗೂ ಅವರ ಚಾಲಕರಿಗೂ ವಾಹನ ನಿರ್ವಹಣೆಯ ಅರ್ಧ ದಿನದ ಶಿಬಿರ ಏರ್ಪಡಿಸಲಿ. ಅಲ್ಲಿಯವರೆಗೆ, ನಾಳೆ ಬೆಳಿಗ್ಗೆ ವ್ಯಾನ್ ಚಾಲೂ ಮಾಡಿದಾಗ ಒಂದು ನಿಮಿಷ ಕಿವಿಗೊಟ್ಟು ಕೇಳಿ. ಕೀರಲು ಸದ್ದು ಬಂದರೆ ಯಾವ ಸೆಪ್ಟೆಂಬರಿಗೂ ಕಾಯಬೇಡಿ.