ಶಾಲೆಯ ಲೋಟಕ್ಕೆ ಮೊದಲ ಹಕ್ಕು

1905ರಲ್ಲಿ ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದಾಗ, ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸುವುದೇ ಸಹಕಾರದ ಪ್ರಧಾನ ಧ್ಯೇಯವಾಗಿದ್ದಿತು. ಅದೇ ತತ್ತ್ವದ ಆಶ್ರಯದಲ್ಲಿ ಬೆಳೆದ ಹಾಲು ಉತ್ಪಾದಕರ ಸಂಘಗಳು ಶತಮಾನವೊಂದು ಕಳೆದ ತರುವಾಯ ಹಳ್ಳಿಯ ಸರ್ಕಾರಿ ಶಾಲೆಯ ಮಗುವಿನ ಕೈಗೆ ಹಾಲಿನ ಲೋಟವನ್ನಿಡುವ ಕಾರ್ಯಕ್ಕೆ ಒದಗಿಬಂದುದು ನಮ್ಮ ನಾಡಿನ ಗ್ರಾಮಜೀವನದ ಚರಿತ್ರೆಯಲ್ಲಿ ಸಾಮಾನ್ಯ ಸಂಗತಿಯಲ್ಲ.

ಈ ಬೆಳವಣಿಗೆ ಒಮ್ಮೆಗೇ ಆದುದಲ್ಲ. 1955ರಲ್ಲಿ ಕೊಡಗಿನ ಕೂಡಿಗೆಯಲ್ಲಿ ರಾಜ್ಯದ ಮೊದಲ ಡೇರಿ ಆರಂಭವಾಯಿತು; ಯುನಿಸೆಫ್ ನೆರವು ಪಡೆದ ಬೆಂಗಳೂರು ಡೇರಿಯನ್ನು 1965ರಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಉದ್ಘಾಟಿಸಿದರು. ಹಾಲು ಕರೆಯುವವರೇ ಡೇರಿಗೆ ಒಡೆಯರಾಗುವ, ಗುಜರಾತಿನ ಆನಂದ್ ಪಟ್ಟಣದ ಮಾದರಿಯಾದರೋ 1974ರಲ್ಲಿ ವಿಶ್ವಬ್ಯಾಂಕಿನ ನೆರವಿನ ಯೋಜನೆಯೊಡನೆ ಇಲ್ಲಿ ಬೇರೂರಿತು. 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳಿ ರೂಪುಗೊಂಡಿತು. ಹಳ್ಳಿಗೆ ಸಂಘ, ಸಂಘಗಳಿಗೆ ಒಕ್ಕೂಟ, ಒಕ್ಕೂಟಗಳಿಗೆ ಮಹಾಮಂಡಳಿ ಎಂಬ ಈ ವ್ಯವಸ್ಥೆಯ ಸತ್ತ್ವವನ್ನು ಅರಿಯಬೇಕಾದರೆ ಹಳ್ಳಿಯ ಡೇರಿಯ ಮುಂದೆ ನಸುಕಿನಲ್ಲಿ ನಿಲ್ಲಬೇಕು. ಕ್ಯಾನು ಹಿಡಿದು ಸರತಿಯಲ್ಲಿ ಬಂದ ಹೆಂಗಸಿನ ಕಣ್ಣೆದುರಿಗೇ ಕಾರ್ಯದರ್ಶಿಯು ಹಾಲನ್ನಳೆದು, ಮಾದರಿ ತೆಗೆದು, ಫ್ಯಾಟು ಎಷ್ಟು, ಲ್ಯಾಕ್ಟೋಮೀಟರಿನ ಡಿಗ್ರಿ ಎಷ್ಟು ಎಂದು ನೋಡಿ ಪುಸ್ತಕದಲ್ಲಿ ಬರೆಯುವನು. ಬಟವಾಡೆಯ ದಿನ ಆ ಅಂಕಿಗಳೇ ಹಣವಾಗುವುವು. ಒಂದು ಹಸುವಿನವಳಿಗೂ ಹತ್ತು ಹಸುವಿನವನಿಗೂ ಅಳತೆ ಒಂದೇ, ಸಂಘದ ಚುನಾವಣೆಯಲ್ಲಿ ಮತವೂ ಒಂದೇ. ಪಂಚಾಯಿತಿ ಕಟ್ಟೆಯಲ್ಲಿ ಇಂದಿಗೂ ದೊರೆಯದ ಸಮಾನತೆ ಅನೇಕ ಊರುಗಳಲ್ಲಿ ಮೊದಲು ಕಾಣಿಸಿಕೊಂಡುದು ಈ ಹಾಲಿನ ಸರತಿಯಲ್ಲಿಯೇ ಎಂದು ನಾನು ದೃಢವಾಗಿ ನಂಬಿದ್ದೇನೆ.

ಸರ್ಕಾರವು ಉತ್ಪಾದಕರಿಗೆ ಲೀಟರಿಗೆ ಇಷ್ಟೆಂದು ಪ್ರೋತ್ಸಾಹಧನ ಕೊಡತೊಡಗಿದ ಮೇಲೆ ಹಾಲಿನ ಸಂಗ್ರಹವು ಮಾರಾಟದ ಅಳವನ್ನು ಮೀರಿ ಏರಿತು. ಉಳಿದ ಹಾಲು ಪುಡಿಯಾಗಿ ಗೋದಾಮುಗಳಲ್ಲಿ ಕೂಡಿತು. ಆ ಸಂದರ್ಭದಲ್ಲಿಯೇ, 2013ರ ಆಗಸ್ಟ್ 1ರಂದು, ಶಾಲೆಯ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಯೋಜನೆಯು ಜನ್ಮತಳೆಯಿತು. ಮೊದಲಲ್ಲಿ ವಾರಕ್ಕೆ ಮೂರು ದಿನವಿದ್ದುದು 2017ರಲ್ಲಿ ಐದು ದಿನವಾಯಿತು. ಮಗುವೊಂದಕ್ಕೆ 18 ಗ್ರಾಂ ಕೆನೆಭರಿತ ಹಾಲಿನ ಪುಡಿ, ಅದರಿಂದ 150 ಮಿಲಿಲೀಟರ್ ಹಾಲು. ಲೆಕ್ಕದಲ್ಲಿ ಇದು ಅತಿ ಸರಳ. ಅಡುಗೆಮನೆಯಲ್ಲಿ ಅಷ್ಟು ಸರಳವಲ್ಲ. ಬಿಸಿಯೂಟದ ಅಡುಗೆಯವರು ಪುಡಿಯನ್ನು ಮೊದಲು ಉಗುರುಬೆಚ್ಚಗಿನ ಸ್ವಲ್ಪ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಬಳಿಕ ಕಾಯ್ದ ನೀರಿಗೆ ಹೊಯ್ದು, ಸಕ್ಕರೆ ಬೆರೆಸಿ, ಪ್ರಾರ್ಥನೆ ಮುಗಿದು ಮಕ್ಕಳು ಸಾಲಾಗಿ ಬರುವಷ್ಟರಲ್ಲಿ ಬಡಿಸಲು ಸಿದ್ಧರಾಗಿರಬೇಕು. ನೀರು ಹೆಚ್ಚಿದರೆ ಹಾಲು ತೆಳ್ಳಗಾಗುವುದು, ಅವಸರವಾದರೆ ಲೋಟದ ತಳದಲ್ಲಿ ಗಂಟು ನಿಲ್ಲುವುದು. ಮೊದಲ ಗುಟುಕಿಗೇ ಮಕ್ಕಳು ಅದನ್ನರಿತು ಮುಖ ಕಿವುಚುವರು. ಕೂಲಿಗೆ ಹೊರಡುವ ತಾಯಂದಿರ ಮಕ್ಕಳಲ್ಲಿ ಬರಿಹೊಟ್ಟೆಯಲ್ಲಿ ಶಾಲೆಗೆ ಬರುವವರು ಇಂದಿಗೂ ಇರುವುದರಿಂದ, ಮಧ್ಯಾಹ್ನದ ಊಟಕ್ಕೆ ಮುನ್ನ ದೊರೆಯುವ ಈ ಲೋಟದ ಬೆಲೆಯನ್ನು ಯಾವ ಕಾರಣಕ್ಕೂ ಕಡಿಮೆಯೆಂದು ಎಣಿಸಲಾಗದು.

ಹಳ್ಳಿಯ ಹಾಲು ದೂರದ ಕಾರ್ಖಾನೆಗೆ ಹೋಗಿ, ನೀರನ್ನೆಲ್ಲ ಕಳೆದುಕೊಂಡು ಪುಡಿಯಾಗಿ, ಅದೇ ಹಳ್ಳಿಯ ಶಾಲೆಯಲ್ಲಿ ಮತ್ತೆ ನೀರು ಕೂಡಿ ಹಾಲಾಗುವುದು ವಿಪರೀತವಲ್ಲವೆ ಎಂದು ಕೆಲವರು ಆಕ್ಷೇಪಿಸುವರು. ಶೈತ್ಯಘಟಕವಿರುವ ಸಂಘದ ಮಗ್ಗುಲಲ್ಲಿಯೇ ಶಾಲೆಯಿರುವಲ್ಲಿ ಹಸಿ ಹಾಲನ್ನೇ ಕಾಯಿಸಿ ಕೊಡುವ ಪ್ರಯೋಗ ಅವಶ್ಯವಾಗಿ ನಡೆಯಲಿ. ಆದರೆ ಕೋಲಾರ, ಹಾಸನಗಳಲ್ಲಿರುವಷ್ಟು ಹಾಲು ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಸಂಗ್ರಹವಾಗುವುದಿಲ್ಲ; ಹಸಿ ಹಾಲು ಬಿಸಿಲಿನಲ್ಲಿ ಕೆಲವೇ ಗಂಟೆಗಳಲ್ಲಿ ಕೆಡುವುದು, ಪುಡಿ ತಿಂಗಳುಗಟ್ಟಲೆ ನಿಲ್ಲುವುದು. ದಕ್ಷಿಣದ ಹಟ್ಟಿಯಲ್ಲಿ ಕರೆದ ಹಾಲು ಯಾದಗಿರಿಯ ಮಗುವಿಗೆ ತಲುಪುವುದು ಪುಡಿಯ ದಾರಿಯಲ್ಲಿಯೇ. ಬಲ್ಲಿದ ಪ್ರದೇಶವು ಬಡ ಪ್ರದೇಶದ ಕೈಹಿಡಿಯುವುದು ಸಹಕಾರ ಧರ್ಮಕ್ಕೆ ಸಹಜವೇ ಆಗಿರುವುದರಿಂದ, ಪುಡಿಯ ಬಗೆಗೆ ನನ್ನ ತಕರಾರಿಲ್ಲ.

ನನ್ನ ತಕರಾರು ಇರುವುದು, ಹಾಲು ಮಿಕ್ಕಾಗ ಶಾಲೆಯನ್ನು ನೆನೆಯುವ ಮನೋಭಾವದ ಮೇಲೆ. ಯೋಜನೆಯ ಹುಟ್ಟಿಗೆ ಉಳಿಕೆಯ ಹಾಲು ಕಾರಣವಾಗಿದ್ದರೂ ಅದರ ಬಾಳುವೆ ಉಳಿಕೆಯನ್ನೇ ಅವಲಂಬಿಸಿರಬಾರದು. ಮಳೆಗಾಲದಲ್ಲಿ ಮೇವು ಚಿಗುರಿದಾಗ ಹಾಲು ಹೆಚ್ಚುವುದು, ಶಿವರಾತ್ರಿ ಕಳೆದು ಬಿಸಿಲೇರಿದಂತೆ ಇಳಿಯುವುದು. ಮಗುವಿನ ಹಸಿವಿಗೆ ಇಂಥ ಋತುಭೇದವಿಲ್ಲ. ಆದುದರಿಂದ ವರ್ಷಾರಂಭದಲ್ಲಿ ಮಹಾಮಂಡಳಿಯು ಮಾರಾಟದ ಹಾಲು, ತುಪ್ಪ, ಸಿಹಿತಿಂಡಿಗಳ ಲೆಕ್ಕಕ್ಕೆ ಕೂರುವ ಮುನ್ನ ಶಾಲೆಗಳಿಗೆ ಬೇಕಾದ ಪುಡಿಯನ್ನು ಎತ್ತಿಡಬೇಕು; ಸರ್ಕಾರವೂ ಅದರ ಬೆಲೆಯನ್ನು ಕಾಲಕಾಲಕ್ಕೆ ಸಲ್ಲಿಸಬೇಕು, ಏಕೆಂದರೆ ಮಗುವಿನ ಹೆಸರಿನಲ್ಲಿ ರೈತನಿಗೆ ಬಾಕಿ ನಿಲ್ಲಿಸುವುದು ನ್ಯಾಯವಲ್ಲ.

ಹಳ್ಳಿಯ ಸಂಘಕ್ಕೂ ಇದರಲ್ಲಿ ಪಾತ್ರವುಂಟು. ಸಂಘದ ವಾರ್ಷಿಕ ಮಹಾಸಭೆಯಲ್ಲಿ ಬೋನಸ್ಸಿನ ಚರ್ಚೆ ಏಳುವ ಮೊದಲು ಮುಖ್ಯೋಪಾಧ್ಯಾಯರನ್ನು ಕರೆದು, ಕಳೆದ ವರ್ಷ ಪುಡಿ ಯಾವ ತಿಂಗಳು ತಡವಾಯಿತು, ಎಷ್ಟು ದಿನ ಹಾಲು ತಪ್ಪಿತು, ಪಾತ್ರೆ, ಲೋಟ, ಗ್ಯಾಸಿಗೆ ಏನು ಕೊರತೆಯಿದೆ ಎಂಬುದನ್ನು ದಾಸ್ತಾನು ಪುಸ್ತಕ ನೋಡಿ ಓದಿಸಬೇಕು. ಅಲ್ಲಿ ಕುಳಿತ ಸದಸ್ಯೆಯರಲ್ಲಿ ಅನೇಕರ ಮಕ್ಕಳು ಅದೇ ಶಾಲೆಯವರಾಗಿರುವರು. ಬೆಳಿಗ್ಗೆ ತಾವು ಅಳೆದುಕೊಟ್ಟ ಹಾಲಿನ ಡಿಗ್ರಿಯನ್ನು ಕೇಳಿ ತಿಳಿಯುವ ಆ ಹೆಂಗಸರು ಶಾಲೆಯ ಹಾಲಿನ ಲೆಕ್ಕವನ್ನೂ ಕೇಳುವರು, ಕೇಳಿದ್ದಕ್ಕೆ ಉತ್ತರವನ್ನೂ ಪಡೆಯುವರು.