ಸೌಂದರ್ಯದ ಸೂಜಿ, ಸಮ್ಮತಿಪತ್ರದ ಭಾಷೆ

ಸುಕ್ಕು ನೀಗಿಸುವ ಬೊಟಾಕ್ಸ್, ತುಟಿ-ಕೆನ್ನೆ ತುಂಬಿಸುವ ಫಿಲ್ಲರ್ ಚುಚ್ಚುವುದನ್ನು ಸಾಮಾನ್ಯ ವೈದ್ಯರಿಗೂ ಈಗ ಅಲ್ಪಾವಧಿ ತರಬೇತಿಗಳಲ್ಲಿ ಕಲಿಸಲಾಗುತ್ತಿದೆ. ಬೊಟಾಕ್ಸ್‌ನ ಫಲ ಉಳಿಯುವುದು ಸುಮಾರು 3-4 ತಿಂಗಳು. ಫಿಲ್ಲರ್ ರಕ್ತನಾಳವನ್ನು ಹೊಕ್ಕರೆ ಚರ್ಮ ನಿರ್ಜೀವವಾಗಬಹುದು. ಅಪರೂಪಕ್ಕೆ ದೃಷ್ಟಿಯೇ ಹೋಗಬಹುದು. ಚುಚ್ಚಲು ಕಲಿಸುವುದು ಸುಲಭ; ಇಂತಹ ತೊಡಕನ್ನು ತಕ್ಷಣ ಗುರುತಿಸಿ ನಿಭಾಯಿಸಲು ಕಲಿಸದ ತರಬೇತಿ ಅರೆಬರೆಯಾದುದು.

ಕಾಸರಗೋಡಿನ ಕನ್ನಡಿಗರಿಗೆ ಇದರಾಚೆಗೂ ಒಂದು ಚಿಂತೆಯಿದೆ. ತೊಡಕಾದರೆ ನಾವು ಓಡುವುದು ಮಂಗಳೂರಿಗೆ. 2020ರಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಆ ದಾರಿಯೂ ಇರಲಿಲ್ಲ. ಮಲಯಾಳ, ಇಂಗ್ಲಿಷುಗಳಲ್ಲಷ್ಟೇ ಅಚ್ಚಾದ ಸಮ್ಮತಿಪತ್ರಕ್ಕೆ ಕನ್ನಡ ಮಾಧ್ಯಮದಲ್ಲಿ ಓದಿದ ಹೆಣ್ಣುಮಗಳು ಸಹಿ ಹಾಕಿದರೆ ಅದು ಸಮ್ಮತಿಯೆನಿಸೀತೇ? ಅಪಾಯವನ್ನು ಚಿಕಿತ್ಸೆ ಪಡೆಯುವವರ ಭಾಷೆಯಲ್ಲಿ ವಿವರಿಸುವುದೂ ವೈದ್ಯರ ತರಬೇತಿಯ ಪಾಠವಾಗಬೇಕು. ಅಲ್ಲಿಯವರೆಗೆ, ಮದುವೆಯ ಅವಸರವೇ ಇದ್ದರೂ, ಸಹಿಗೆ ಮುನ್ನ ಕನ್ನಡ ಪ್ರತಿಯನ್ನು ಕೇಳಿರಿ.