ದಣಿದವರಿಗೊಂದು ಹಾಡು

ಕಳೆದ ವಾರ ಈ ಅಂಕಣದಲ್ಲಿ ಶಬ್ದದ ಅಲೆಗಳ ಬಗ್ಗೆ ಬರೆದಿದ್ದೆ. ಅದನ್ನು ಓದಿದ ನನ್ನ ಒಂಬತ್ತನೇ ತರಗತಿಯ ವಿದ್ಯಾರ್ಥಿನಿಯೊಬ್ಬಳು ಪಾಠ ಮುಗಿದ ಮೇಲೆ ಬಂದು ಕೇಳಿದಳು: 'ಸರ್, ಶಬ್ದ ಅಂದರೆ ಬರೀ ಗಾಳಿಯ ಕಂಪನ ಅಂತ ಬರೆದಿದ್ದೀರಿ. ಹಾಗಾದರೆ ಕೆಲವು ಹಾಡು ಕೇಳಿದಾಗ ಅಳು ಯಾಕೆ ಬರುತ್ತೆ? ಅತ್ತ ಮೇಲೆ ಹಗುರ ಯಾಕಾಗುತ್ತೆ?'

ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ ನನಗೂ ಈ ಪ್ರಶ್ನೆಗೆ ನೇರವಾದ ಉತ್ತರ ಹೊಳೆಯಲಿಲ್ಲ. ಉತ್ತರದ ಬದಲು ಅವಳಿಗೆ ಒಬ್ಬ ಮನುಷ್ಯನ ಕಥೆ ಹೇಳಿದೆ. ಅದನ್ನೇ ಇಂದು ನಿಮಗೂ ಹೇಳುತ್ತೇನೆ.

ನಾನು ಬಿ.ಎಡ್. ಓದುತ್ತಿದ್ದ ಕಾಲ. ಹಾಸ್ಟೆಲಿನಲ್ಲಿ ನನ್ನ ಕೋಣೆಯ ಗೆಳೆಯನಿಗೆ ಒಂದು ಸಂಜೆ ತಂದೆ ತೀರಿಕೊಂಡ ಸುದ್ದಿ ಬಂತು. ಊರಿಗೆ ಬಸ್ಸು ಇದ್ದದ್ದು ಬೆಳಗಿನ ಜಾವಕ್ಕೆ. ನಮಗೆಲ್ಲ ಏನು ಹೇಳಬೇಕೆಂದೇ ತಿಳಿಯದು. ಪಕ್ಕದ ಕೋಣೆಯ ಸಹಪಾಠಿ ಒಂದು ಟೇಪ್ ರೆಕಾರ್ಡರ್ ತಂದು, ಸಣ್ಣ ದನಿಯಲ್ಲಿ ಒಂದು ಇಂಗ್ಲಿಷ್ ಹಾಡು ಹಾಕಿ, ಏನೂ ಮಾತಾಡದೆ ಅವನ ಪಕ್ಕದಲ್ಲಿ ಕುಳಿತ. ಹಾಡುತ್ತಿದ್ದವರು ಮಹೇಲಿಯ ಜಾಕ್ಸನ್. ಹಾಡು 'ಟೇಕ್ ಮೈ ಹ್ಯಾಂಡ್, ಪ್ರೆಷಸ್ ಲಾರ್ಡ್'. ನಮ್ಮಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ, ಪದಗಳೂ ಅರ್ಧಂಬರ್ಧ ಅರ್ಥವಾದವು. ಆದರೂ ಅದುವರೆಗೆ ಕಲ್ಲಿನಂತೆ ಕುಳಿತಿದ್ದ ಗೆಳೆಯ ಮೊದಲ ಬಾರಿಗೆ ಅತ್ತ.

ಆ ಹಾಡನ್ನು ಬರೆದವರು ಯಾರೆಂದು ತಿಳಿದದ್ದು ಎಷ್ಟೋ ವರ್ಷಗಳ ನಂತರ. ಅವರ ಹೆಸರು ಥಾಮಸ್ ಡಾರ್ಸಿ.

ಡಾರ್ಸಿ ಹುಟ್ಟಿದ್ದು 1899ರಲ್ಲಿ, ಅಮೆರಿಕದ ಜಾರ್ಜಿಯ ರಾಜ್ಯದ ವಿಲ್ಲಾ ರಿಕಾ ಎಂಬಲ್ಲಿ. ಕಪ್ಪು ಜನಾಂಗದ ಬಡ ಕುಟುಂಬ. ತಂದೆ ಬ್ಯಾಪ್ಟಿಸ್ಟ್ ಚರ್ಚಿನ ಬೋಧಕರು, ತಾಯಿ ಆರ್ಗನ್ ನುಡಿಸುತ್ತಿದ್ದರು. ಕುಟುಂಬ ಅಟ್ಲಾಂಟ ನಗರಕ್ಕೆ ಬಂದ ಮೇಲೆ ಹುಡುಗನಿಗೆ ಓದು ಹತ್ತಲಿಲ್ಲ, ಶಾಲೆಯನ್ನು ಅರ್ಧಕ್ಕೇ ಬಿಟ್ಟ. ನಾಟಕಶಾಲೆಯೊಂದರಲ್ಲಿ ತಂಪು ಪಾನೀಯ ಮಾರುತ್ತ, ಅಲ್ಲಿಗೆ ಬರುತ್ತಿದ್ದ ಪಿಯಾನೊ ವಾದಕರ ಬೆರಳುಗಳನ್ನು ನೋಡಿ ನೋಡಿಯೇ ವಿದ್ಯೆ ಕಲಿತ. ಮುಂದೆ ಶಿಕಾಗೊ ಸೇರಿ, 'ಜಾರ್ಜಿಯ ಟಾಮ್' ಎಂಬ ಹೆಸರಿನಲ್ಲಿ ಬ್ಲೂಸ್ ಸಂಗೀತಗಾರನಾದ. ಪ್ರಸಿದ್ಧ ಗಾಯಕಿ ಮಾ ರೈನಿಯ ತಂಡಕ್ಕೆ ಪಿಯಾನೊ ನುಡಿಸಿದ.

ಬ್ಲೂಸ್ ಎಂದರೆ ದುಃಖದ ಹಾಡು. ಪಿಯಾನೊದ ಎರಡು ಮನೆಗಳ ನಡುವೆ ಮನೆಯೇ ಇಲ್ಲ. ಆದರೆ ಗಂಟಲಿಗೆ ಆ ಕಟ್ಟಿಲ್ಲ. ಬ್ಲೂಸ್ ಹಾಡುವವರು ಕೆಲವು ಸ್ವರಗಳನ್ನು ಒಂದಿಷ್ಟು ಕೆಳಕ್ಕೆ ಬಾಗಿಸಿ, ಜಾರಿಸಿ ಹಾಡುತ್ತಾರೆ. ನಮ್ಮ ಸಂಗೀತದ ಗಮಕವನ್ನು ಕೇಳಿದವರಿಗೆ ಈ ಮಾತು ಬೇಗ ತಿಳಿಯುತ್ತದೆ. ಎರಡೂ ಒಂದೇ ಅಲ್ಲ, ಆದರೆ ಸ್ವರವನ್ನು ಗೆರೆ ಹೊಡೆದಂತೆ ನಿಲ್ಲಿಸದೆ ತೂಗಾಡಿಸುವ ಗುಣ ಎರಡರಲ್ಲೂ ಉಂಟು.

1926ರ ಹೊತ್ತಿಗೆ, ಕೈತುಂಬ ಕೆಲಸವಿದ್ದಾಗಲೇ, ಡಾರ್ಸಿಯವರ ಮನಸ್ಸು ಕುಸಿಯಿತು. ಸುಮಾರು ಎರಡು ವರ್ಷ ಸಂಗೀತ ನುಡಿಸಲಾಗದ ಸ್ಥಿತಿ. ಇಂದು ನಾವು ಖಿನ್ನತೆ ಎನ್ನುವ ಬೇನೆ ಅದು. ಆ ಕತ್ತಲೆಯಲ್ಲಿ ಜೊತೆಗಿದ್ದವರು ಮಡದಿ ನೆಟ್ಟಿ. ಚೇತರಿಸಿಕೊಂಡ ಮೇಲೆ ಅವರ ಒಲವು ದೇವರ ಹಾಡುಗಳತ್ತ ತಿರುಗಿತು. ಆದರೆ ಹಲವು ಚರ್ಚುಗಳ ಹಿರಿಯರಿಗೆ ಅದು ಹಿಡಿಸಲಿಲ್ಲ. ಪದ ದೇವರದ್ದು, ಧಾಟಿ ಹೆಂಡದಂಗಡಿಯದ್ದು ಎಂದು ಬಾಗಿಲು ತೋರಿಸಿದರು. ಡಾರ್ಸಿ ಬಿಡಲಿಲ್ಲ. ನೋವಿನ ದನಿ ಪ್ರಾರ್ಥನೆಗೆ ಅಡ್ಡಿ ಹೇಗಾದೀತು?

1932ರ ಆಗಸ್ಟ್. ಡಾರ್ಸಿಯವರಿಗೆ ಸೇಂಟ್ ಲೂಯಿಸ್ ನಗರದಲ್ಲಿ ಹಾಡುವ ಕಾರ್ಯಕ್ರಮ. ನೆಟ್ಟಿ ತುಂಬು ಗರ್ಭಿಣಿ. ಬಿಟ್ಟು ಹೋಗಲು ಮನಸ್ಸಿಲ್ಲದಿದ್ದರೂ ಹೊರಟರು. ಸಭೆಯಲ್ಲಿದ್ದಾಗಲೇ ಕೈಗೆ ತಂತಿ ಬಂತು. ಹೆರಿಗೆಯಲ್ಲಿ ಹೆಂಡತಿ ತೀರಿಕೊಂಡಿದ್ದಳು. ಓಡೋಡಿ ಶಿಕಾಗೊಗೆ ಬಂದರೆ ಗಂಡು ಮಗು ಹುಟ್ಟಿತ್ತು. ಸ್ವಲ್ಪ ಹೊತ್ತಿನಲ್ಲೇ ಅದೂ ಹೋಯಿತು. ತಾಯಿ ಮಗುವನ್ನು ಒಂದೇ ಪೆಟ್ಟಿಗೆಯಲ್ಲಿ ಮಣ್ಣು ಮಾಡಿದರು.

ದೇವರು ತನಗೆ ಅನ್ಯಾಯ ಮಾಡಿದನೆಂದೇ ಆಗ ತನಗನ್ನಿಸಿತ್ತು ಎಂದು ಡಾರ್ಸಿ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಮತ್ತೆ ಬ್ಲೂಸ್ ಕಡೆಗೇ ಹೋಗಿಬಿಡೋಣ ಎಂದೂ ಯೋಚಿಸಿದ್ದರು. ಕೆಲವು ದಿನಗಳ ನಂತರ ಗೆಳೆಯ ಥಿಯೊಡರ್ ಫ್ರೈ ಜೊತೆಗಿದ್ದಾಗ ಪಿಯಾನೊದ ಮುಂದೆ ಕುಳಿತರು. 1844ರ ಹಳೆಯ ಪ್ರಾರ್ಥನೆಯೊಂದರ ಧಾಟಿ ಬೆರಳಿಗೆ ಬಂತು, ಅದರ ಮೇಲೆ ಹೊಸ ಮಾತು ಹುಟ್ಟಿತು. ದೇವರನ್ನು ಕರೆಯಲು ಅವರು ಮೊದಲು 'ಪೂಜ್ಯ' ಎಂಬರ್ಥದ ಪದ ಬಳಸಿದ್ದರಂತೆ. ಫ್ರೈ ಅದನ್ನು ಬದಲಿಸಿ 'ಅಮೂಲ್ಯ' ಎಂಬರ್ಥದ 'ಪ್ರೆಷಸ್' ಹಾಕು ಎಂದರಂತೆ. ಒಂದೇ ಪದ. ದೂರದಲ್ಲಿದ್ದ ದೇವರು ಪಕ್ಕಕ್ಕೆ ಬಂದು ಕುಳಿತ.

ಆ ಹಾಡಿನಲ್ಲಿ ವೀರಾವೇಶವಿಲ್ಲ, ಗೆದ್ದೆನೆಂಬ ಘೋಷಣೆಯಿಲ್ಲ. ದಣಿದಿದ್ದೇನೆ, ಸೋತಿದ್ದೇನೆ, ಕೈ ಹಿಡಿದು ನಡೆಸು ಎಂಬ ಬೇಡಿಕೆ ಅಷ್ಟೇ. ಅದನ್ನು ಜಗತ್ತು ತನ್ನದಾಗಿ ಮಾಡಿಕೊಂಡಿತು. 1968ರ ಏಪ್ರಿಲ್ 4ರ ಸಂಜೆ ಮಾರ್ಟಿನ್ ಲೂಥರ್ ಕಿಂಗ್ ಮೆಂಫಿಸ್ ನಗರದ ಲೊರೇನ್ ಮೋಟೆಲಿನ ಮೊಗಸಾಲೆಯಲ್ಲಿ ನಿಂತು, ಅಂದಿನ ಸಭೆಯಲ್ಲಿ ಈ ಹಾಡನ್ನೇ ನುಡಿಸಬೇಕೆಂದು ಸಂಗೀತಗಾರ ಬೆನ್ ಬ್ರಾಂಚ್ ಅವರನ್ನು ಕೇಳಿಕೊಂಡರು. ಕೆಲವೇ ಕ್ಷಣಗಳಲ್ಲಿ ಗುಂಡು ತಗುಲಿತು. ಅವರ ಅಂತ್ಯಸಂಸ್ಕಾರದಲ್ಲಿ ಮಹೇಲಿಯ ಜಾಕ್ಸನ್ ಅದನ್ನು ಹಾಡಿದರು. 1972ರಲ್ಲಿ ಮಹೇಲಿಯ ತೀರಿಕೊಂಡಾಗ ಅರೀಥ ಫ್ರಾಂಕ್ಲಿನ್ ಅದನ್ನೇ ಹಾಡಿ ಅವರನ್ನು ಕಳಿಸಿಕೊಟ್ಟರು. ಒಬ್ಬರ ಕೈಯಿಂದ ಒಬ್ಬರ ಕೈಗೆ ದೀಪ ದಾಟಿದಂತೆ.

ಒಂದು ಕಾಲಕ್ಕೆ ಬಾಗಿಲು ಮುಚ್ಚಿದ್ದ ಚರ್ಚುಗಳೇ ಮುಂದೆ ಡಾರ್ಸಿಯವರನ್ನು 'ಗಾಸ್ಪೆಲ್ ಸಂಗೀತದ ಪಿತಾಮಹ' ಎಂದವು. ಶಿಕಾಗೊದ ಪಿಲ್ಗ್ರಿಮ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ದಶಕಗಳ ಕಾಲ ಗಾಯನ ತಂಡವನ್ನು ನಡೆಸಿದರು. 1993ರ ಜನವರಿ 23ರಂದು, 93ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಈಗ ನನ್ನದೊಂದು ತಪ್ಪೊಪ್ಪಿಗೆ. ಬಹಳ ವರ್ಷಗಳ ಹಿಂದೆ ನನ್ನ ಹತ್ತನೇ ತರಗತಿಯ ಹುಡುಗನೊಬ್ಬನ ತಾಯಿ ತೀರಿಕೊಂಡರು. ಪರೀಕ್ಷೆಗೆ ಉಳಿದದ್ದು ಒಂದೂವರೆ ತಿಂಗಳು. ಹನ್ನೆರಡು ದಿನ ಕಳೆದು ಶಾಲೆಗೆ ಬಂದವನ ಬೆನ್ನು ತಟ್ಟಿ, 'ಅಳಬಾರದು, ಗಂಡುಮಗ ನೀನು, ಧೈರ್ಯವಾಗಿ ಓದು' ಎಂದೆ. ಒಳ್ಳೆಯ ಮಾತು ಹೇಳಿದೆನೆಂದೇ ಭಾವಿಸಿದ್ದೆ. ಹುಡುಗ ತಲೆಯಾಡಿಸಿದ. ಓದಿದ, ಪಾಸೂ ಆದ. ಆದರೆ ಆ ದಿನದ ನಂತರ ತನ್ನ ಯಾವ ಕಷ್ಟವನ್ನೂ ನನ್ನ ಹತ್ತಿರ ಹೇಳಿಕೊಳ್ಳಲು ಬರಲಿಲ್ಲ. ಆ ಹಾಸ್ಟೆಲಿನ ರಾತ್ರಿ ಕಲಿತ ಪಾಠವನ್ನು ಮೇಷ್ಟರಾದ ಮೇಲೆ ನಾನು ಮರೆತಿದ್ದೆ.

ಪೋಷಕರೇ, ನಮ್ಮ ಮಕ್ಕಳಿಗೆ ಓಡುವುದನ್ನು ಕಲಿಸುತ್ತೇವೆ, ಗೆಲ್ಲುವುದನ್ನು ಕಲಿಸುತ್ತೇವೆ. ಸುಸ್ತಾಯಿತು ಎಂದು ಹೇಳುವುದನ್ನು ಕಲಿಸುತ್ತೇವೆಯೇ? ಅಂಕ ಕಡಿಮೆ ಬಂದ ಸಂಜೆ, ಗೆಳೆತನ ಮುರಿದ ಸಂಜೆ, ಮನೆಯಲ್ಲಿ ಸಾವಾದ ಮೇಲಿನ ಸಂಜೆ ಮಗು ಮೂಲೆ ಸೇರಿದರೆ ಮೊದಲು ಉಪದೇಶ ಬೇಡ. ಪಕ್ಕದಲ್ಲಿ ಕುಳಿತರೆ ಸಾಕು. ವಾರಗಳು ಕಳೆದರೂ ಆ ಕತ್ತಲೆ ಸರಿಯದಿದ್ದರೆ ವೈದ್ಯರ ಬಳಿ ಕರೆದೊಯ್ಯಲು ನಾಚಿಕೆ ಪಡಬೇಡಿ. ಜ್ವರಕ್ಕೆ ಪಡುತ್ತೇವೆಯೇ?

ವಿದ್ಯಾರ್ಥಿ ಮಿತ್ರರೇ, ಲಕ್ಷಾಂತರ ಜನರಿಗೆ ಸಾಂತ್ವನ ಕೊಟ್ಟ ಆ ಮನುಷ್ಯ ಮೊದಲು ಮಾಡಿದ್ದು ತನಗೇ ಸಾಂತ್ವನ ಬೇಡಿದ್ದು. ಕೈ ಚಾಚುವುದು ಸೋಲಲ್ಲ.

ಕಥೆ ಕೇಳಿದ ಆ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, 'ಸರ್, ನಮ್ಮಜ್ಜಿ ಹೋದ ತಿಂಗಳು ತೀರಿಕೊಂಡರು' ಎಂದಳು. ನಾನು ಕೈಯಲ್ಲಿದ್ದ ಪುಸ್ತಕ ಕೆಳಗಿಟ್ಟು, ಎದುರಿನ ಬೆಂಚಿನ ಮೇಲೆ ಕುಳಿತೆ.